ಅಟ್ಟದಿಂದ ಇಳಿಸಿದ ಮೇಲೆ

(ತಿರುವನಂತಪುರದ ಪಟ್ಟಂನಲ್ಲಿ ಕನ್ನಡಿಗರ ಮುಂದೆ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)



ದತ್ತಿ ಎಂದರೆ ಕೊಟ್ಟದ್ದು. ಯಾರೋ ತಮ್ಮ ಮನೆಯಿಂದ ಒಂದಿಷ್ಟನ್ನು ತೆಗೆದು, ತಮ್ಮ ಕಾಲಾನಂತರವೂ ಅದು ಯಾರ ಕೈಯಲ್ಲಿರಬೇಕು, ಯಾವ ಕೆಲಸಕ್ಕೆ ಒದಗಬೇಕು ಎಂದು ಬರೆದಿಟ್ಟು ಕೊಟ್ಟದ್ದು. ಕೊಟ್ಟವರಿಗೆ ತಮ್ಮ ಹಣ ಎಲ್ಲಿಗೆ ಹೋಗುತ್ತದೆಂದು ಗೊತ್ತಿತ್ತು. ನಾವು ನಮ್ಮ ಮನೆಗಳಿಂದ ದಿನವೂ ಎಷ್ಟೋ ವಸ್ತುಗಳನ್ನು ಹೊರಗೆ ಕಳಿಸುತ್ತೇವೆ. ಅವು ಎಲ್ಲಿಗೆ ಹೋಗುತ್ತವೆ? ತುಂಬಿದ ಮನೆಯನ್ನು ಓರಣ ಮಾಡುವ ಕುರಿತು ಮಾತನಾಡಲು ಇಲ್ಲಿಗೆ ಬಂದ ನನಗೆ ಈ ಒಂದು ಪ್ರಶ್ನೆಯ ಸುತ್ತಲೇ ಹೇಳುವುದಿದೆ.

ಈ ಸಭಾಂಗಣದಿಂದ ಸ್ವಲ್ಪ ದೂರದಲ್ಲಿ, ಪ್ಲಾಮೂಡಿನ ಕಡೆಯಿಂದ ಹತ್ತುವ ಒಂದು ಒಳದಾರಿಯಲ್ಲಿ ನನ್ನ ಅಕ್ಕನ ಮನೆ ಇತ್ತು. ಭಾವ ಕೆಲಸದ ಮೇಲೆ ಕಾಸರಗೋಡಿನಿಂದ ಇಲ್ಲಿಗೆ ಬಂದವರು ಇಲ್ಲಿಯೇ ಉಳಿದರು. ಅವರು ತೀರಿಕೊಂಡ ಮೇಲೆ ಅಕ್ಕ ಕೊಚ್ಚಿಯ ಕಾಕ್ಕನಾಡಿನಲ್ಲಿ ಮಗನ ಜತೆ ಇರುವುದೆಂದು ತೀರ್ಮಾನವಾಯಿತು. ನಾಲ್ಕು ಕೋಣೆ, ಒಂದು ಅಟ್ಟ, ಹಿಂದೊಂದು ಚಾವಡಿಯ ಮನೆ. ಅದು ಎರಡು ಕೋಣೆಯ ಫ್ಲಾಟಿನಲ್ಲಿ ಹಿಡಿಯಬೇಕು. 2023ರ ಜುಲೈ ತಿಂಗಳಲ್ಲಿ ನೆರವಿಗೆಂದು ನಾನು ಬಂದೆ. ಒಂದು ವಾರದ ಕೆಲಸ ಎಂದುಕೊಂಡಿದ್ದೆ. ಐದು ವಾರ ಹಿಡಿಯಿತು.

ಅಟ್ಟದಿಂದ ಇಳಿದದ್ದನ್ನು ಹೇಳುತ್ತೇನೆ, ಏಕೆಂದರೆ ನಿಮ್ಮ ಮನೆಯ ಅಟ್ಟವೂ ಬೇರೆಯಲ್ಲ. ತಾಮ್ರದ ಹಂಡೆ ಎರಡು. ಕೆಟ್ಟ ಮಿಕ್ಸಿ ಮೂರು. ಟಿವಿಯಿಂದ ಇಸ್ತ್ರಿಪೆಟ್ಟಿಗೆಯವರೆಗೆ ಮನೆಗೆ ಬಂದ ಪ್ರತಿಯೊಂದರ ರಟ್ಟಿನ ಪೆಟ್ಟಿಗೆ, ಒಳಗೆ ಥರ್ಮೊಕೋಲ್ ಸಮೇತ. ಗಲ್ಫಿನಿಂದ ಬಂದ ನೆರೆಮನೆಯವರು ಪ್ರೀತಿಯಿಂದ ಕೊಟ್ಟ, ಈ ಊರಿನ ಸೆಕೆಗೆ ಎಂದೂ ಹೊದೆಯದ ದಪ್ಪ ಕಂಬಳಿಗಳು. ಯಕ್ಷಗಾನದ ಕ್ಯಾಸೆಟ್ಟುಗಳು. ಮಗನ ಒಂದನೇ ತರಗತಿಯಿಂದ ಹತ್ತನೆಯದರವರೆಗಿನ ನೋಟು ಪುಸ್ತಕಗಳು, ತರಗತಿವಾರು ಕಟ್ಟಿ ಇಟ್ಟದ್ದು. ಊರಿನಿಂದ ಬರುವಾಗಲೆಲ್ಲ ತಂದ ಸುಧಾ, ಮಯೂರ, ತುಷಾರಗಳ ಕಟ್ಟು. ಭಾವನ ಔಷಧದ ಶೀಸೆಗಳು. ತೊಳೆದು ಮಡಚಿಟ್ಟ ಪ್ಲಾಸ್ಟಿಕ್ ಚೀಲಗಳಂತೂ ಒಂದು ಗೋಣಿಯ ತುಂಬ.

ನಾನು ಆತುರದವಳು. ಮೊದಲ ದಿನವೇ ಎಲ್ಲವನ್ನೂ ಗೋಣಿಗೆ ತುಂಬಿಸಿ ಅಂಗಳಕ್ಕೆ ಹಾಕಿಸಿದೆ. ಆಕ್ರಿಯವನಿಗೆ — ನಮ್ಮ ಕಡೆಯ ಗುಜರಿಯವನಿಗೆ ಇಲ್ಲಿನ ಹೆಸರು ಅದು — ಹೇಳಿಯೂ ಆಯಿತು. ಅಕ್ಕ ಬಾಗಿಲಲ್ಲಿ ನಿಂತು, "ಇದೆಲ್ಲ ಎಲ್ಲಿಗೆ ಹೋಗುತ್ತದೆಂದು ಹೇಳು, ಆಮೇಲೆ ಕೊಡುತ್ತೇನೆ" ಎಂದಳು. ಗಂಡನ ವಸ್ತುಗಳ ಮೇಲಿನ ಮೋಹ ಎಂದು ನಾನು ತಿಳಿದೆ. ಅವಳ ಮನಸ್ಸಿನಲ್ಲಿದ್ದದ್ದು ಬೇರೆ. ಆ ವರ್ಷ ಮಾರ್ಚ್ 2ರಂದು ಕೊಚ್ಚಿಯ ಬ್ರಹ್ಮಪುರದ ಕಸದ ರಾಶಿಗೆ ಬೆಂಕಿ ಬಿದ್ದಾಗ ಅವಳು ಕಾಕ್ಕನಾಡಿನಲ್ಲಿ ಮಗನ ಮನೆಯಲ್ಲಿದ್ದಳು. ವರ್ಷಗಟ್ಟಲೆ ಒಟ್ಟಿದ್ದ ಪ್ಲಾಸ್ಟಿಕ್ ಗುಡ್ಡ ಒಳಗೊಳಗೇ ಉರಿಯಿತು. ಮೇಲಿನಿಂದ ನೀರು ಸುರಿದರೆ ತಳದಲ್ಲಿ ಬೆಂಕಿ ಉಳಿಯುತ್ತಿತ್ತು. ಯಂತ್ರಗಳಿಂದ ರಾಶಿಯನ್ನು ಬಗೆದು ಬಗೆದು ನೀರು ಹಾಯಿಸಿ ಹೊಗೆ ನಿಲ್ಲಿಸಲು ಸುಮಾರು 12 ದಿನ ಬೇಕಾಯಿತು. ಶಾಲೆಗಳಿಗೆ ರಜೆ, ಮನೆಯಿಂದ ಹೊರಬರಬೇಡಿರೆಂಬ ಸೂಚನೆ. ಕಿಟಕಿ ಮುಚ್ಚಿ ಒದ್ದೆ ಬಟ್ಟೆ ಸಿಕ್ಕಿಸಿದರೂ ಮೊಮ್ಮಗುವಿನ ತೊಟ್ಟಿಲಲ್ಲಿ ಹೊಗೆಯ ವಾಸನೆ ಇತ್ತೆಂದು ಅಕ್ಕ ಹೇಳುತ್ತಾಳೆ. ಆ ನಗರದ ಮನೆಗಳಿಂದ ಹೊರಗೆ ಹೋದದ್ದೇ ಹೊಗೆಯಾಗಿ ಅದೇ ಮನೆಗಳ ಒಳಗೆ ಬಂದಿತ್ತು. ಆ 12 ದಿನಗಳನ್ನು ಕಂಡವಳು ಗೋಣಿಯನ್ನು ಕಣ್ಣುಮುಚ್ಚಿ ಕೊಡುವುದು ಹೇಗೆ?

ನಾವು ಕೆಲಸ ಹಿಡಿದದ್ದು ಮಿಥುನ ಮಾಸದ ಕೊನೆಯ ದಿನಗಳಲ್ಲಿ. ಕೇರಳದ ಹಲವು ಕಡೆ, ಮುಖ್ಯವಾಗಿ ಮಧ್ಯ ಮತ್ತು ಉತ್ತರದ ಜಿಲ್ಲೆಗಳಲ್ಲಿ, ಕರ್ಕಾಟಕ ಸಂಕ್ರಮಣದ ಮುನ್ನಾದಿನ ಮನೆಯನ್ನೆಲ್ಲ ಗುಡಿಸಿ ಸಾರಿಸಿ, ಒಡಕು ಮಡಕೆ, ಸವೆದ ಪೊರಕೆ, ಹರಿದ ಮೊರಗಳನ್ನು ಎತ್ತಿಕೊಂಡು ಹೋಗಿ ಎಲ್ಲೆಯ ಆಚೆ ಹಾಕುತ್ತಾರೆ. ಪೊಟ್ಟಿ ಹೊರಗೆ, ಶೀಪೋತಿ ಒಳಗೆ ಎಂಬ ಕೂಗು. ಪೊಟ್ಟಿ ಅಥವಾ ಚೇಟ್ಟೆ ಎಂದರೆ ಜ್ಯೇಷ್ಠೆ, ಲಕ್ಷ್ಮಿಯ ಅಕ್ಕ. ಶೀಪೋತಿ ಎಂದರೆ ಶ್ರೀ ಭಗವತಿ. ಮಳೆ ಕವಿದು, ಕಣಜ ಬರಿದಾಗಿ, ಕಾಯಿಲೆ ಹೆಚ್ಚುವ ತಿಂಗಳನ್ನು ಹೀಗೆ ಬರಮಾಡಿಕೊಳ್ಳುತ್ತಾರೆ. ನಮ್ಮ ತುಳುನಾಡಿನಲ್ಲಿ ಅದೇ ಹೊತ್ತಿಗೆ ಆಟಿ ಕಳಂಜ ಮನೆಮನೆಗೆ ಬಂದು ಮಾರಿಯನ್ನು ಕಳೆಯುತ್ತಾನೆ. ಇದರ ವಿವೇಕವನ್ನು ನಾನು ಮನಸಾರೆ ಗೌರವಿಸುತ್ತೇನೆ. ಸೊಳ್ಳೆ, ಹಾವು, ಬೂಷ್ಟು ಸೇರುವ ಮಳೆಗಾಲಕ್ಕೆ ಮೊದಲು ಮೂಲೆಗಳನ್ನು ತೆರವು ಮಾಡುವುದು ಎಂಥ ಒಳ್ಳೆಯ ಪದ್ಧತಿ! ಆದರೆ ಆ ಆಚಾರ ಹುಟ್ಟಿದ ಕಾಲದ ಮಡಕೆ ಮಣ್ಣಿನದು, ಮೊರ ಬಿದಿರಿನದು, ಪೊರಕೆ ತೆಂಗಿನ ಕಡ್ಡಿಯದು. ಎಲ್ಲೆಯ ಆಚೆ ಬಿದ್ದದ್ದು ಎರಡು ಮಳೆಗಾಲದಲ್ಲಿ ನೆಲಕ್ಕೆ ಸೇರುತ್ತಿತ್ತು. ಇಂದು ನಾವು ಎಸೆಯುವ ಬಕೆಟ್ಟಿಗೆ ಆ ಗತಿ ಇಲ್ಲ. ಎಲ್ಲೆಯ ಆಚೆಗೂ ಈಗ ಯಾರದೋ ಅಂಗಳವಿದೆ.

ಈ ನಗರಕ್ಕೆ ಅದು ವಿಳಪ್ಪಿಲ್‌ಶಾಲೆಯಲ್ಲಿ ಗೊತ್ತಾಯಿತು. 2000ದಿಂದ ತಿರುವನಂತಪುರದ ಕಸವೆಲ್ಲ ಆ ಹಳ್ಳಿಯ ಘಟಕಕ್ಕೆ ಹೋಗುತ್ತಿತ್ತು. ಬಾವಿ ಕೆಟ್ಟು, ತೋಡು ಕಪ್ಪಾಗಿ, ನೆಂಟರು ಬರಲು ಹಿಂಜರಿಯುವ ಊರಾದಾಗ ಜನ ದಾರಿಗೆ ಅಡ್ಡ ನಿಂತರು. 2011ರ ಡಿಸೆಂಬರಿನಲ್ಲಿ ಘಟಕ ಮುಚ್ಚಿತು, ಮತ್ತೆ ತೆರೆಯಲು ಅವರು ಬಿಡಲಿಲ್ಲ. ನಮ್ಮ ನಾಡಿನವರು ಇದನ್ನು ದೂರದ ಸುದ್ದಿಯೆಂದು ತಿಳಿಯಬೇಕಾಗಿಲ್ಲ. ಬೆಂಗಳೂರಿನ ಕಸ ಹೊತ್ತ ಮಂಡೂರು ಹಾಗೆಯೇ ಹೋರಾಡಿ 2014ರಲ್ಲಿ ಲಾರಿಗಳನ್ನು ನಿಲ್ಲಿಸಿತು. ಮಂಗಳೂರಿನದು ಇನ್ನೂ ಕಠಿಣ. 2019ರ ಆಗಸ್ಟ್ ಮಳೆಗೆ ಪಚ್ಚನಾಡಿಯ ಕಸದ ಗುಡ್ಡ ಜರಿದು ಕೆಳಗಿನ ಮಂದಾರದ ಮೇಲೆ ಹರಿಯಿತು. ಅಡಿಕೆ ತೋಟ, ತೆಂಗು, ಮನೆಗಳು, ನಾಗಬನ, ದೈವಸ್ಥಾನ ಎಲ್ಲವೂ ಅದರಡಿ ಹೋದವು. ತಲೆಮಾರುಗಳಿಂದ ಬಾಳಿದ ಕುಟುಂಬಗಳು ಬಾಡಿಗೆ ವಸತಿಗೆ ಹೋದವು. ಮಂಗಳೂರಿನಲ್ಲಿ ಮನೆ ಹಸನಾಗಿಟ್ಟುಕೊಂಡವರಲ್ಲಿ ನನ್ನ ನೆಂಟರೂ ಇದ್ದಾರೆ. ಅವರ ಮನೆಯ ಹಸನು ಮಂದಾರದವರ ನಾಗಬನದ ಮೇಲೆ ಬಿದ್ದಿತೆಂಬುದನ್ನು ನಾನು ಅವರೆದುರೂ ಹೇಳಿದ್ದೇನೆ, ಇಲ್ಲಿಯೂ ಹೇಳುತ್ತೇನೆ.

ಇದೇ ಪಟ್ಟಂ ತೋಡಿನ ನೀರು ಕಣ್ಣಮ್ಮೂಲದ ಕಡೆ ಆಮಯಿಳಂಜಾನ್ ತೋಡನ್ನು ಸೇರಿ ಆಕ್ಕುಳಂ ಕಾಯಲಿಗೆ ಹೋಗುತ್ತದೆ. 2024ರ ಜುಲೈ 13ರಂದು ತಂಬಾನೂರಿನ ರೈಲು ನಿಲ್ದಾಣದ ಬಳಿ ಆ ಆಮಯಿಳಂಜಾನ್ ತೋಡಿನಲ್ಲಿ ಕಸ ತೆಗೆಯಲು ಇಳಿದ ಕಾರ್ಮಿಕರೊಬ್ಬರು ಮಳೆನೀರಿನ ಸೆಳೆತಕ್ಕೆ ಸಿಕ್ಕಿ ಕಾಣೆಯಾದರು. ಹಳಿಗಳ ಕೆಳಗಿನ ಕಾಲುವೆಯಲ್ಲಿ ಮುಳುಗುಗಾರರು ಕಸದ ಪದರಗಳನ್ನು ಕೈಯಿಂದ ಸರಿಸುತ್ತ ಹುಡುಕಿದರು. ಎರಡು ದಿನದ ಮೇಲೆ ದೇಹ ಸಿಕ್ಕಿತು. ಅವರನ್ನು ಮುಚ್ಚಿದ ಪ್ಲಾಸ್ಟಿಕ್ಕಿನಲ್ಲಿ ಯಾರ ಮನೆಯದು ಎಷ್ಟು ಎಂದು ತೂಗಲು ಬಾರದು. ನಮ್ಮದೂ ಇತ್ತೆಂದೇ ನಾನು ತಿಳಿಯುತ್ತೇನೆ.

ವಿಳಪ್ಪಿಲ್‌ಶಾಲೆ ಬಾಗಿಲು ಹಾಕಿದ್ದರಿಂದ ಈ ಊರಿಗೆ ಒಂದು ಉಪಕಾರವಾಯಿತು: ಹೊರಗೆ ಎಂಬ ಜಾಗ ಇಲ್ಲವೆಂದು ಒಪ್ಪಿ ಬದುಕುವುದನ್ನು ಕಲಿಯಬೇಕಾಯಿತು. ಅಡುಗೆಮನೆಯ ಹಸಿಕಸ ಮನೆಯಲ್ಲೇ ಗೊಬ್ಬರವಾಗಲಿ ಎಂದು ಬಿನ್ನುಗಳು ಬಂದವು, ಬೀದಿಗಳಲ್ಲಿ ತುಂಬೂರ್ಮುಳಿ ಮಾದರಿಯ ಗೊಬ್ಬರದ ತೊಟ್ಟಿಗಳು ಬಂದವು. ಒಣಕಸಕ್ಕೆ ಹರಿತ ಕರ್ಮಸೇನೆ. ಹಸಿರು ಅಂಗಿಯ ಆ ಹೆಂಗಸರನ್ನು ನೀವೆಲ್ಲ ಬಲ್ಲಿರಿ. ಹೆಚ್ಚಿನವರು ಕುಟುಂಬಶ್ರೀ ಮಹಿಳಾ ಸಂಘಗಳಿಂದ ಬಂದವರು. ಮನೆಮನೆಗೆ ಬಂದು ಗೋಡೆಯ ಮೇಲಿನ ಕ್ಯೂಆರ್ ಚೀಟಿಗೆ ಫೋನು ಹಿಡಿದು, ತಿಂಗಳ ಶುಲ್ಕ ಪಡೆದು, ಒಯ್ದದ್ದನ್ನು ಬಗೆಬಗೆಯಾಗಿ ಆಯ್ದು ಬೇರ್ಪಡಿಸುತ್ತಾರೆ. ಪ್ಲಾಸ್ಟಿಕ್ ತೊಳೆದು ಒಣಗಿಸಿ ಕೊಡಬೇಕು. ಹರಿದ ಬಟ್ಟೆಗೊಂದು ತಿಂಗಳು, ಚಪ್ಪಲಿ ಚೀಲಗಳಿಗೊಂದು, ಗಾಜಿಗೊಂದು, ಇ-ತ್ಯಾಜ್ಯಕ್ಕೊಂದು ಎಂದು ಪಂಚಾಂಗವೇ ಇದೆ.

ಅಕ್ಕನ ಮನೆಗೆ ಬರುತ್ತಿದ್ದ ಇಬ್ಬರಿಗೆ ನಾನು ಅಂಗಳದ ಗೋಣಿಗಳನ್ನು ತೋರಿಸಿದೆ. ಅವರಲ್ಲಿ ಹಿರಿಯವಳು ಒಂದನ್ನು ಬಿಚ್ಚಿ ನೋಡಿ, "ಚೇಚ್ಚಿ, ಇದು ಹೀಗಾದರೆ ಆಗದು, ಬೇರೆ ಬೇರೆ ಮಾಡಿ ಕೊಡಿ. ನಾವು ಕೈಯಲ್ಲೇ ಅಲ್ಲವೇ ಆಯುವುದು" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಶೀಸೆಯ ಚೂರನ್ನೂ ಹರಿದ ಬಟ್ಟೆಯನ್ನೂ ಒಂದೇ ಗೋಣಿಗೆ ತುಂಬಿದ್ದೆ. ಆ ಸಂಜೆ ಎಲ್ಲ ಗೋಣಿಗಳನ್ನೂ ಮತ್ತೆ ಸುರುವಿ ಕುಳಿತೆವು. ಓರಣವೆಂಬ ಕೆಲಸ ನಮಗೆ ಅಲ್ಲಿಂದ ಶುರುವಾಯಿತು. ಕೊಡುವ ಮೊದಲು ಪ್ರತಿ ವಸ್ತುವನ್ನು ಕೈಯಲ್ಲಿ ಹಿಡಿದು, ಇದರ ಮುಂದಿನ ಮನೆ ಯಾವುದು ಎಂದು ಕೇಳಿದೆವು. ಉತ್ತರ ಸಿಕ್ಕಿದ್ದು ಹೋಯಿತು, ಸಿಗದ್ದು ಮೂಲೆಯಲ್ಲಿ ಕಾಯಿತು. ಥರ್ಮೊಕೋಲಿಗೆ ಉತ್ತರ ಹುಡುಕಲು ನಮಗೆ ಬಹಳ ಕಷ್ಟವಾಯಿತು; ಅದರಿಂದ ಕಲಿತದ್ದು, ಅಂಥದ್ದನ್ನು ಮನೆಯೊಳಗೆ ತರುವಾಗಲೇ ಅಳುಕಬೇಕು ಎಂದು.

ಜಪಾನಿನ ಮಾರಿ ಕೊಂಡೊ ಅವರ ಪುಸ್ತಕವನ್ನು ನಿಮ್ಮಲ್ಲಿ ಹಲವರು ಓದಿರಬಹುದು. ವಸ್ತುವನ್ನು ಕೈಯಲ್ಲಿ ಹಿಡಿ, ಅದು ಮನಸ್ಸಿಗೆ ಉಲ್ಲಾಸ ಕೊಟ್ಟರೆ ಇಟ್ಟುಕೋ, ಇಲ್ಲವಾದರೆ ವಂದಿಸಿ ಕಳಿಸು ಎನ್ನುತ್ತಾರೆ. ವಸ್ತುವಿಗೆ ವಂದಿಸುವುದು ನನಗೆ ಬಹಳ ಇಷ್ಟವಾಯಿತು. ಆಯುಧಪೂಜೆ ಮಾಡುವ ನಮಗೆ ಅದು ಪರಕೀಯವೂ ಅಲ್ಲ. ಆದರೆ ಆ ಪ್ರಶ್ನೆ ನನ್ನ ಮನಸ್ಸಿನ ಸುಖದಲ್ಲಿ ನಿಂತುಬಿಡುತ್ತದೆ. ಕಳಿಸಿದ್ದು ಯಾರ ಊರಿಗೆ ಹೋಗಿ ಬಿತ್ತು ಎಂದು ಕೇಳುವುದಿಲ್ಲ. ನನ್ನ ಅಕ್ಕನ ಪ್ರಶ್ನೆಯೇ ದೊಡ್ಡದು ಎಂದು ನನ್ನ ತೀರ್ಮಾನ.

ನಮ್ಮ ಹಿರಿಯರು ಏಕೆ ಇಷ್ಟೆಲ್ಲ ಕೂಡಿಟ್ಟರು ಎಂದು ಮಕ್ಕಳು ಬೇಸರಪಡುತ್ತಾರೆ. ಕೊರತೆಯಲ್ಲಿ ಬೆಳೆದವರಿಗೆ ಒಂದು ಡಬ್ಬ, ಒಂದು ಹಗ್ಗ ಸುಮ್ಮನೆ ಬರುತ್ತಿರಲಿಲ್ಲ. ಇನ್ನೊಂದು ಕಾರಣ, ದೊಡ್ಡ ಮನೆಗಳು ಪಾಲಾದದ್ದು. ತಿರುವಿದಾಂಕೂರಿನಲ್ಲಿ 1925ರ ನಾಯರ್ ಕಾಯ್ದೆಯಿಂದ ತರವಾಡುಗಳ ಪಾಲು ಸುಲಭವಾಯಿತು. 1976ರ ಡಿಸೆಂಬರಿನಿಂದ ಅವಿಭಕ್ತ ಕುಟುಂಬ ಪದ್ಧತಿಯೇ ಕೇರಳದಲ್ಲಿ ಕಾನೂನಿನಿಂದ ರದ್ದಾಯಿತು. ನಮ್ಮ ಅಳಿಯಸಂತಾನದ ಗುತ್ತಿನ ಮನೆಗಳಿಗೂ 1949ರ ಕಾಯ್ದೆಯಿಂದ ಹೀಗೆಯೇ ಆಯಿತು. ನೂರು ಜನರ ಊಟದ ಪಾತ್ರೆಗಳು ನಾಲ್ಕು ಜನರ ಮನೆಗಳಿಗೆ ಹಂಚಿಹೋದವು. ಅಕ್ಕನ ಎರಡು ಹಂಡೆಗಳಲ್ಲಿ ಒಂದರ ಕಂಠದ ಮೇಲೆ ನಮ್ಮ ಅಜ್ಜಿಯ ಹೆಸರು ಕೊರೆದಿದೆ. ಯಾರ ಮನೆಗೆ ಹೋದರೂ ಮರಳಿ ಬರಲಿ ಎಂದು ಹೆಸರು ಹಾಕಿಸುತ್ತಿದ್ದರು. ಆ ಹೆಸರು ಇರುವ ಪಾತ್ರೆಯನ್ನು ತೂಕಕ್ಕೆ ಹಾಕುವುದು ನನ್ನಿಂದಾಗಲಿಲ್ಲ. ಅದು ಈಗ ನನ್ನ ಮನೆಯಲ್ಲಿ ಬಚ್ಚಲ ಒಲೆಯ ಮೇಲಿದೆ, ದಿನವೂ ನೀರು ಕಾಯುತ್ತದೆ. ಇನ್ನೊಂದನ್ನು ಅಡುಗೆಯ ಕೆಲಸ ಮಾಡುವ ಒಂದು ಕುಟುಂಬಕ್ಕೆ ಕೊಟ್ಟೆವು.

ಮಟ್ಟಾಂಚೇರಿಯ ಜ್ಯೂಟೌನಿಗೆ ಹೋದರೆ ಹೀಗೆ ಮನೆ ಕಳೆದುಕೊಂಡ ವಸ್ತುಗಳ ಬೀದಿಯನ್ನೇ ಕಾಣಬಹುದು. ಇಸ್ರೇಲಿಗೆ ಹೊರಟುಹೋದ ಯೆಹೂದಿ ಕುಟುಂಬಗಳ ಬೀದಿಯಲ್ಲಿ ಈಗ ಕಿತ್ತ ತರವಾಡುಗಳ ಬಾಗಿಲು, ಪತ್ತಾಯ, ತೂಗುಮಂಚ, ಉರುಳಿಗಳ ಅಂಗಡಿಗಳು. ಅಲ್ಲಿ ನನಗೆ ಎದೆ ಭಾರವಾಗುತ್ತದೆ, ಆದರೂ ಆ ಅಂಗಡಿಯವರನ್ನು ದೂರಲಾರೆ. ಒಲೆಗೆ ಹೋಗಬೇಕಾಗಿದ್ದ ಮರ ಅವರಿಂದ ಉಳಿಯಿತು. ಕೊಚ್ಚಿಯ ತೇವರದಲ್ಲಿ ಜಾರ್ಜ್ ತಾಳಿಯತ್ ಅವರು ಕೆಡವಿದ ಹಳೆಯ ಕಟ್ಟಡಗಳ ಮರಮುಟ್ಟನ್ನೇ ಕೂಡಿಸಿ ಮೂರಂತಸ್ತಿನ ಜಾನಪದ ಸಂಗ್ರಹಾಲಯ ಕಟ್ಟಿದರು. ನಮ್ಮ ಮಣಿಪಾಲದಲ್ಲಿ ವಿಜಯನಾಥ ಶೆಣೈ ಇಡೀ ಮನೆಗಳನ್ನೇ ಬಿಚ್ಚಿ ತಂದು ಹಸ್ತಶಿಲ್ಪದ ಆವರಣದಲ್ಲಿ ಮತ್ತೆ ನಿಲ್ಲಿಸಿದರು. ಬಂಟ್ವಾಳದಲ್ಲಿ ತುಕಾರಾಮ ಪೂಜಾರಿಯವರು ತುಳುವರ ಮನೆಯ ಸೇರು, ಕಳಸೆ, ಮೊರಗಳನ್ನು ಕಾಪಾಡಿದ್ದಾರೆ. ಪಟ್ಟಂನಿಂದ ಬಹಳ ದೂರವಲ್ಲದ ನಾಲಾಂಚಿರದ ಕಲ್ಲುಗುಡ್ಡದ ಮೇಲೆ ಲಾರಿ ಬೇಕರ್ ತಮಗಾಗಿ ಕಟ್ಟಿಕೊಂಡ ಹ್ಯಾಮ್ಲೆಟ್ ಮನೆ ಇದೆ. 2007ರಲ್ಲಿ ತೀರಿಕೊಳ್ಳುವವರೆಗೂ ಅವರು ಬಾಳಿದ ಮನೆ. ಇತರರು ಬಿಸಾಡಿದ ಮರ, ಬಾಟಲಿ, ಹೆಂಚಿನ ಚೂರು ಅಲ್ಲಿ ಗೋಡೆಯಾಗಿ, ನೆಲವಾಗಿ ಸೇರಿವೆ. ಕಸದ ಮೇಲೆಯೇ ಅವರೊಂದು ಕಿರುಪುಸ್ತಕ ಬರೆದರು. ಉಳ್ಳೂರಿನಲ್ಲಿ ಅವರು ಕಟ್ಟಿದ ಅಭಿವೃದ್ಧಿ ಅಧ್ಯಯನ ಕೇಂದ್ರವನ್ನು ನೋಡಿದವರಿಗೆ ಗೊತ್ತು, ಕಡಿಮೆ ಸಾಮಾನು ಬೇಡುವಂತೆ ಕಟ್ಟಡವನ್ನೇ ಕಟ್ಟಬಹುದು ಎಂದು.

2018ರ ಆಗಸ್ಟ್ ಪ್ರವಾಹವನ್ನು ನೆನೆಯದೆ ಮುಂದೆ ಹೋಗಲಾರೆ. ನೀರಿಳಿದಾಗ ಆಲುವ, ಪರವೂರು ಕಡೆಯ ಬೀದಿಗಳ ಎರಡು ಮಗ್ಗುಲಲ್ಲೂ ಮನೆಗಳ ಒಳಗು ಕೆಸರಿನ ಗುಡ್ಡೆಯಾಗಿ ಬಿದ್ದಿತ್ತು. ಚೇಂದಮಂಗಲದ ಕೈಮಗ್ಗದವರು ಓಣಂ ಮಾರಾಟಕ್ಕೆ ನೇಯ್ದಿಟ್ಟ ಸೀರೆಗಳೂ ಕೆಸರುಪಾಲು. ಲಕ್ಷ್ಮಿ ಮೇನೋನ್ ಮತ್ತು ಗೋಪಿನಾಥ್ ಪಾರಯಿಲ್ ಆ ಸೀರೆಗಳನ್ನು ಕುದಿಸಿ ತೊಳೆದು, ಕಲೆ ಉಳಿದ ಬಟ್ಟೆಯಲ್ಲೇ ಚೇಕುಟ್ಟಿ ಎಂಬ ಪುಟ್ಟ ಗೊಂಬೆ ಮಾಡಿಸಿದರು. ಚೇರು ಎಂದರೆ ಕೆಸರು, ಕುಟ್ಟಿ ಎಂದರೆ ಮಗು. ಒಂದು ಸೀರೆಯಿಂದ 360 ಗೊಂಬೆ, ಗೊಂಬೆಗೆ 25 ರೂಪಾಯಿ. ಹಣ ನೇಕಾರರಿಗೆ ಹೋಯಿತು. ಕಲೆಯನ್ನು ಅಡಗಿಸದೆ ಇಟ್ಟದ್ದರಿಂದಲೇ ಆ ಗೊಂಬೆಗಳಿಗೆ ಮನೆ ಸಿಕ್ಕಿತು.

ಈಗ ಕಾಗದಕ್ಕೆ ಬರುತ್ತೇನೆ. ನಾನು ಬಂದದ್ದೇ ಇದನ್ನು ಹೇಳಲು.

1909ರಲ್ಲಿ ತಿರುವಿದಾಂಕೂರಿನ ಹಸ್ತಪ್ರತಿ ಇಲಾಖೆಯ ಟಿ. ಗಣಪತಿ ಶಾಸ್ತ್ರಿಗಳು ಓಲೆಗ್ರಂಥಗಳನ್ನು ಅರಸುತ್ತ ಪದ್ಮನಾಭಪುರದ ಬಳಿಯ ಮಣಲಿಕ್ಕರೆ ಮಠಕ್ಕೆ ಹೋದರು. ಅಲ್ಲಿ ಮಲಯಾಳ ಲಿಪಿಯ ಒಂದು ಕಟ್ಟು. ಬಿಚ್ಚಿ ನೋಡಿದರೆ ಹತ್ತು ಸಂಸ್ಕೃತ ನಾಟಕ, ಹನ್ನೊಂದನೆಯದರ ತುಂಡು. ಆಮೇಲೆ ಬೇರೆಡೆ ಸಿಕ್ಕಿದ್ದೂ ಸೇರಿ ಹದಿಮೂರು. ಕಾಳಿದಾಸ ಹೆಸರು ಹೇಳಿ ನಮಸ್ಕರಿಸಿದ್ದ, ಆದರೆ ನಾಟಕಗಳು ಕಳೆದೇಹೋಗಿದ್ದುವೆಂದು ಲೋಕ ನಂಬಿದ್ದ ಭಾಸನವು ಇವು ಎಂದು ಶಾಸ್ತ್ರಿಗಳು ಸಾರಿ, 1912ರಿಂದ ಅಚ್ಚು ಹಾಕಿಸಿದರು. ಕರ್ತೃತ್ವದ ಚರ್ಚೆ ಹಾಗಿರಲಿ, ಸ್ವಪ್ನವಾಸವದತ್ತ ನಮಗೆ ದಕ್ಕಿದ್ದು ಯಾರೂ ಆ ಕಟ್ಟನ್ನು ಹೊಳೆಗೆ ಬಿಡದಿದ್ದುದರಿಂದ. ಹರಿದ ಓಲೆಯನ್ನು ನೀರಿಗೆ ಬಿಡುವುದು ಪುಣ್ಯವೆಂಬ ನಂಬಿಕೆ ಆಗ ಇತ್ತು. ಅದಕ್ಕೆ ನಾಲ್ಕು ವರ್ಷ ಮೊದಲು ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಕೌಟಿಲ್ಯನ ಅರ್ಥಶಾಸ್ತ್ರ ಬಂದದ್ದೂ ಒಬ್ಬ ಪಂಡಿತರು ಕೊಟ್ಟ ಓಲೆಕಟ್ಟಿನಿಂದಲೇ. ನಮ್ಮ ಕಾಸರಗೋಡಿನ ವೆಂಕಟರಾಜ ಪುಣಿಂಚತ್ತಾಯರು ತುಳು ಲಿಪಿಯ ಗ್ರಂಥಗಳನ್ನು ಹುಡುಕಿ ಶ್ರೀ ಭಾಗವತೊ, ಕಾವೇರಿಯಂಥ ಹಳೆಯ ತುಳು ಕಾವ್ಯಗಳನ್ನು ಬೆಳಕಿಗೆ ತಂದರು. ತುಳು ಲಿಪಿ ಮಲಯಾಳ ಲಿಪಿಗೆ ಎಷ್ಟು ಹತ್ತಿರವೆಂದರೆ, ಅಭ್ಯಾಸವಿಲ್ಲದವರು ಒಂದನ್ನು ಇನ್ನೊಂದೆಂದು ತಿಳಿದು ಬದಿಗಿಡುತ್ತಾರೆ. ಮಂಜೇಶ್ವರದ ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡ ಮೇಲೆ ಅವರ ಪುಸ್ತಕ ಸಂಗ್ರಹ ಉಡುಪಿಯ ಎಂ.ಜಿ.ಎಂ. ಕಾಲೇಜಿಗೆ ಬಂದು ಸಂಶೋಧನ ಕೇಂದ್ರವೇ ಬೆಳೆಯಿತು. ಇವೆಲ್ಲ ಮುಂದಿನ ಮನೆ ಸಿಕ್ಕಿದ ಕಾಗದಗಳು.

ಸಿಗದ ಒಂದನ್ನೂ ಹೇಳಬೇಕು. ನಮ್ಮ ತಂದೆ ಯಕ್ಷಗಾನದ ಅರ್ಥಧಾರಿಗಳು. ಕುಂಬಳೆ ಸೀಮೆಯ ನಮ್ಮ ಮನೆಯಲ್ಲಿ ಅವರದೊಂದು ಕಬ್ಬಿಣದ ಟ್ರಂಕು ಇತ್ತು. ಪ್ರಸಂಗಗಳ ಕೈಬರಹದ ಪ್ರತಿ, ತಾಳಮದ್ದಳೆಯ ಟಿಪ್ಪಣಿ, ಜತೆಯ ಕಲಾವಿದರ ಕಾಗದಗಳು. 1998ರಲ್ಲಿ ಮನೆ ಕೆಡವುವಾಗ ನಾವು ಮಕ್ಕಳು ಒಂದು ಮಧ್ಯಾಹ್ನದಲ್ಲಿ ಎಲ್ಲ ಮುಗಿಸಿದೆವು. ಟ್ರಂಕಿನ ಮುಚ್ಚಳ ತೆರೆದದ್ದು ನಾನೇ. ಗೆದ್ದಲು ಹಿಡಿದಿದೆ ಎಂದು ಮೇಲಿನ ನಾಲ್ಕು ಪುಸ್ತಕ ನೋಡಿ ಹೇಳಿದೆ. ತಳದಲ್ಲಿದ್ದದ್ದನ್ನು ನೋಡಲಿಲ್ಲ. ಅದು ತೂಕಕ್ಕೆ ಹೋಯಿತು. ಅಪ್ಪ ಜಗಲಿಯಲ್ಲಿ ಕುಳಿತಿದ್ದರು, ಏನೂ ಅನ್ನಲಿಲ್ಲ. ಅದಕ್ಕೇ ಪಟ್ಟಂನಲ್ಲಿ ಅಕ್ಕ ಬಾಗಿಲಲ್ಲಿ ನಿಂತ ಮೇಲೆ ನಾನು ಕೊನೆಗೂ ಕುಳಿತು ಗೋಣಿ ಬಿಚ್ಚಿದ್ದು. ಭಾವನ ಫೈಲುಗಳ ನಡುವೆ ಅವರ ಅಜ್ಜನ ಕೈಯ ಮೂರು ಕಡತ ಸಿಕ್ಕಿದವು: ಭೂಮಿಯ ಲೆಕ್ಕ, ಮಳೆಯ ದಿನಚರಿ, ಮನೆಮದ್ದಿನ ಪಟ್ಟಿ. ಆಕ್ರಿಯವನ ತಕ್ಕಡಿಯಲ್ಲಿ ಅವುಗಳ ತೂಕ ಅರ್ಧ ಕಿಲೋ ಇದ್ದೀತು.

ಕಾಸರಗೋಡು ದಾಟಿ ದಕ್ಷಿಣಕ್ಕೆ ಬಂದ ಕನ್ನಡದ ಕಾಗದಕ್ಕೆ ಒಂದು ವಿಶೇಷ ಅಪಾಯವಿದೆ. ಮಲಯಾಳದ ಹಳೆಯ ಪುಸ್ತಕವಾದರೆ ಗುಜರಿಯವನೇ ಓದಿ ಬದಿಗಿಟ್ಟಾನು, ಹಳೆಪುಸ್ತಕದ ಅಂಗಡಿಗೆ ಕೊಟ್ಟಾನು. ಕನ್ನಡ ಅಕ್ಷರ ಇಲ್ಲಿಯ ಅವನಿಗೆ ಬಾರದು. ನಿಮ್ಮ ಮೊಮ್ಮಕ್ಕಳಿಗೂ ಬಾರದಿರಬಹುದು. ಅನಂತಪದ್ಮನಾಭನ ಗುಡಿಗೆ ಚಂದ್ರಗಿರಿ ಹೊಳೆಯ ಅಕ್ಕರೆ ಇಕ್ಕರೆಗಳಿಂದ ಪೂಜೆಯ ನಂಬಿಗಳು ಬಂದ ಕಾಲದಿಂದ ನಮ್ಮ ಕಡೆಯವರು ಈ ಊರಿಗೆ ಬರುತ್ತಲೇ ಇದ್ದಾರೆ. ವ್ಯಾಪಾರಕ್ಕೆ, ಹೋಟೆಲಿಗೆ, ನೌಕರಿಗೆ ಬಂದವರು ಎಷ್ಟೋ. ಅವರ ಪೆಟ್ಟಿಗೆಗಳು ನಿಮ್ಮ ಅಟ್ಟಗಳಲ್ಲಿವೆ.

ಆದುದರಿಂದ ನನ್ನ ಬಿನ್ನಹ ಇಷ್ಟೇ. ಮನೆ ತೆರವು ಮಾಡಿರಿ, ತಡಮಾಡದೆ ಮಾಡಿರಿ, ಹಿರಿಯರು ಇರುವಾಗಲೇ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿರಿ. ಗಾಜನ್ನೂ ಬಟ್ಟೆಯನ್ನೂ ಬೇರ್ಪಡಿಸಿ, ಆಯುವ ಕೈಗಳನ್ನು ನೆನೆದು ಕೊಡಿರಿ. ಕನ್ನಡದ ಅಥವಾ ತುಳುವಿನ ಕೈಬರಹವಿರುವ ಓಲೆ, ಕಡತ, ಪತ್ರ, ಪ್ರಸಂಗದ ಪ್ರತಿ ಯಾವುದೇ ಇರಲಿ, ತೂಕಕ್ಕೆ ಹಾಕುವ ಮೊದಲು ಕನ್ನಡ ಓದಬಲ್ಲ ಒಬ್ಬರಿಗೆ ತಳದವರೆಗೆ ತೋರಿಸಿರಿ. ಉಡುಪಿಯ ಗೋವಿಂದ ಪೈ ಕೇಂದ್ರ, ಧರ್ಮಸ್ಥಳದ ಹಸ್ತಪ್ರತಿ ಸಂಗ್ರಹ, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಮೈಸೂರಿನ ಪ್ರಾಚ್ಯ ವಿದ್ಯಾ ಸಂಶೋಧನಾಲಯ ಇವೆ. ಓದುವವರು ಸಿಗದಿದ್ದರೆ ನನಗೆ ಹೇಳಿ ಕಳಿಸಿರಿ. ರೈಲು ಹತ್ತಿ ಬರುತ್ತೇನೆ.